ನಿಲ್ಲದ ಬಿಸ್ತೆಕ್ಕಾ

ನಮ್ಮೂರಲ್ಲಿ ಮಾಂಸದಂಗಡಿಯವರ ಮುಖಕ್ಕೆ ಹೊಡೆದಂತೆ ‘ನಿಮ್ಮ ಮಾಂಸ ಸರಿಯಿಲ್ಲ’ ಎಂದು ಯಾರೂ ಹೇಳುವುದಿಲ್ಲ. ಬೇರೆ ಭಾಗ ಕೇಳುತ್ತಾರೆ, ಅಷ್ಟೆ. ಮಾವ ಸೆತ್ತಿಮಿಯೊಗೆ ಲಕ್ವ ಹೊಡೆದು, ನನ್ನ ಹೆಂಡತಿ ನೀವೆಸ್ ಅವರ ಮಾಂಸದಂಗಡಿಯ ಕತ್ತಿ ಹಿಡಿದ ಮೇಲೆ ಇದು ನನಗೆ ಅರ್ಥವಾಯಿತು.

ಮೊದಲು ಬೇರೆ ಭಾಗ ಕೇಳಿದವನು ದೆಲ್ಮೊ. ಬೇಟೆಗಾರರ ಸಂಘದ ಒಲೆ ಅವನದು. ಸಾನ್ ಜೊವಾನ್ನಿ ಹಬ್ಬದ ಊಟಕ್ಕೆ ಇಡೀ ಊರಿಗೆ ಬಿಸ್ತೆಕ್ಕಾ, ಎಂದರೆ ಎತ್ತಿನ ಬೆನ್ನಿನ ಮೂಳೆಸಹಿತ ದಪ್ಪ ತುಂಡು, ಸುಡುವವನೂ ಅವನೇ. ಒಂದು ಶನಿವಾರ ಬಂದು ಸಾರಿಗೆ ಮೊಣಕಾಲಿನ ಮಾಂಸ ಕೇಳಿದ. ಮುಂದಿನ ವಾರ ಬಾಲ. ಅದರ ಮುಂದಿನ ವಾರ ನಾಲಿಗೆ. ಅವನನ್ನು ನೋಡಿ ಉಳಿದವರೂ ಹಾಗೆಯೇ ಕೇಳತೊಡಗಿದರು.

“ಏನು ದೆಲ್ಮೊ ಮಾಮ, ಹಲ್ಲೆಲ್ಲಾ ಉದುರಿಹೋದ್ವಾ? ಬರೀ ಬೇಯಿಸೋದನ್ನೇ ತಗೊಂಡು ಹೋಗ್ತೀಯಲ್ಲ,” ಎಂದಳು ನೀವೆಸ್.

“ನನ್ನ ಹೆಂಡ್ತೀಗೆ ಸಾರು ಅಂದ್ರೆ ಪ್ರಾಣ ಮಗಳೇ,” ಎಂದು ಅವನು ಗೋಡೆಯ ಗಡಿಯಾರ ನೋಡಿದ.

ಅವನ ಹೆಂಡತಿ ಸಾರು ಮುಟ್ಟುವುದಿಲ್ಲವೆಂದು ಊರಿಗೆಲ್ಲ ಗೊತ್ತು. ನೀವೆಸ್ ಪೊಟ್ಟಣವನ್ನು ಅಗತ್ಯಕ್ಕಿಂತ ಬಿಗಿಯಾಗಿ ಕಟ್ಟಿದಳು. ಅವನು ಹೋದ ಮೇಲೆ, “ಹಬ್ಬದ ಬಿಸ್ತೆಕ್ಕಾ ಈ ಸಲ ನಮ್ಮ ಹತ್ರ ಕೇಳ್ಲಿಲ್ಲ ಅಂದ್ರೆ ನಾನು ಅಂಗಡಿ ಬಾಗಿಲು ಎಳೀತೀನಿ. ಅಪ್ಪನ ಹೆಸರಲ್ಲಿ ಕೆಟ್ಟ ಕೆಲಸ ನನ್ನಿಂದ ಬೇಡ,” ಎಂದಳು. ಮೂಲೆಯ ಕುರ್ಚಿಯಲ್ಲಿ ಮಾವ ಕೂತಿದ್ದರು. ಲಕ್ವ ಅವರ ಮಾತನ್ನೂ ಬಲಗೈಯನ್ನೂ ಕೊಂಡೊಯ್ದಿತ್ತು. ಆದರೆ ಅದಕ್ಕೂ ಮುಂಚೆಯೂ ಅವರು ಮಗಳ ಕೆಲಸದ ಬಗ್ಗೆ ಹೀಗೆಂದು ಹಾಗೆಂದು ಒಂದು ಮಾತೂ ಆಡಿದವರಲ್ಲ. ಆ ಮೌನ ಒಪ್ಪಿಗೆಯೋ ಅನುಮಾನವೋ ಎಂದು ಅವಳು ವರ್ಷಗಳಿಂದ ಕೇಳಿಕೊಳ್ಳುತ್ತಲೇ ಇದ್ದಳು.

ನಾನು ತತ್ವಶಾಸ್ತ್ರ ಓದಿ, ಕೆಲಸ ಸಿಗುವವರೆಗೆಂದು ಅಲ್ಲಿ ಪೊಟ್ಟಣ ಕಟ್ಟುತ್ತಿದ್ದವನು. ಮಾಂಸದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಆದರೆ ಊರಿಗೆ ಊರೇ ಬಾಯಿ ಮುಚ್ಚಿಕೊಂಡಿದೆ ಎಂದರೆ ಅದರ ಹಿಂದೆ ಏನೋ ಇರಲೇಬೇಕು. ಆ ಸಂಜೆ ಸಂಘದ ಅಂಗಳಕ್ಕೆ ಹೋದೆ.

“ಬಾ ಪ್ರೊಫೆಸರ್, ಕೂತ್ಕೋ,” ಎಂದು ದೆಲ್ಮೊ ವೈನ್ ಸುರಿದ. ಗ್ಲಾಸು ಖಾಲಿಯಾದ ಮೇಲೆ, ಬೇರೆ ಕಡೆ ನೋಡುತ್ತಾ, “ನಿಲ್ಲಲ್ಲ ಕಣಯ್ಯಾ,” ಎಂದ.

“ಏನು ನಿಲ್ಲಲ್ಲ?”

“ನಾನು ಏನೂ ಹೇಳಿಲ್ಲ. ಇನ್ನೊಂದು ಗ್ಲಾಸ್ ಕುಡಿ.”

ಮನೆಗೆ ಬಂದು ಹೇಳಿದೆ. ನೀವೆಸ್ ಹಿತ್ತಿಲಲ್ಲಿ ಕೆಂಡ ಮಾಡಿ, ತಾನೇ ಕತ್ತರಿಸಿದ ಬಿಸ್ತೆಕ್ಕಾ ತಂದಳು. ಒಂದು ಮಗ್ಗುಲು ಸುಟ್ಟಳು, ಇನ್ನೊಂದು ಮಗ್ಗುಲು ಸುಟ್ಟಳು. ಕೊನೆಗೆ ಎಲ್ಲರೂ ಮಾಡುವಂತೆ ಮೂಳೆ ಕೆಳಗಾಗಿ ಜಾಲರಿಯ ಮೇಲೆ ನೆಟ್ಟಗೆ ನಿಲ್ಲಿಸಿದಳು. ಶಾಖ ಮೂಳೆಯ ಮೂಲಕ ಒಳಗೆ ಏರಬೇಕಲ್ಲ. ಅದು ಒಂದು ಕ್ಷಣ ನಿಂತಂತೆ ಮಾಡಿ, ಪಕ್ಕಕ್ಕೆ ಮಗುಚಿಕೊಂಡಿತು. ಮತ್ತೆ ನಿಲ್ಲಿಸಿದಳು. ಮತ್ತೆ ಬಿತ್ತು.

“ಮೂಳೆ ಓರೆಯಾಗಿ ಕೊಯ್ದಿದ್ದೀನೇನೋ,” ಎಂದಳು.

ಮರುದಿನದಿಂದ ಅವಳು ಅಂಗಡಿಯಲ್ಲಿ ತೂಗುಹಾಕಿದ್ದ ಬಿಳಿ ಎತ್ತಿನ ಬೆನ್ನನ್ನು ಹೊಸದಾಗಿ ಓದತೊಡಗಿದಳು. ನಾನು ಪಕ್ಕದಲ್ಲಿ ನಿಂತು ಕೇಳುವುದು, ಅವಳು ಹೇಳುವುದು. ಕಂಬದ ಮೇಲೆ ತೊಲೆ ಇಟ್ಟಂಥ ಮೂಳೆ. ತಲೆಕೆಳಗು ಮಾಡಿದರೆ ಆ ತೊಲೆಯೇ ಕಾಲು. ಕಂಬದ ಒಂದು ಕಡೆ ಫಿಲೆತ್ತೊ ಎಂಬ ಮೆದು ಮಾಂಸ.

“ಇದಕ್ಕೆ ಜೀವಮಾನದಲ್ಲಿ ಕೆಲಸವೇ ಇಲ್ಲ. ಎತ್ತು ನಡೆದ್ರೂ ಅಷ್ಟೆ, ಮಲಗಿದ್ರೂ ಅಷ್ಟೆ. ಅದಕ್ಕೇ ಬೆಣ್ಣೆ. ನಿನ್ನ ಥರ.”

“ಈ ಕಡೇದು?”

“ಇದು ಸ್ವಲ್ಪ ದುಡಿದಿದೆ. ಮೆದು ಕಮ್ಮಿ, ರುಚಿ ಜಾಸ್ತಿ. ನನ್ನ ಥರ.”

ಸೊಂಟದ ಕಡೆ ಫಿಲೆತ್ತೊ ದಪ್ಪ. ಪಕ್ಕೆಲುಬಿನತ್ತ ಹೋಗುತ್ತಾ ತೆಳುವಾಗಿ, ಒಂದು ಕಡೆ ಇಲ್ಲವೇ ಆಗಿಬಿಡುತ್ತದೆ. ಅಲ್ಲಿಂದಾಚೆ ಅದು ಬಿಸ್ತೆಕ್ಕಾ ಅಲ್ಲ, ಕೋಸ್ತಾತಾ. ಅದೂ ಒಳ್ಳೆಯ ತುಂಡೇ, ಕೊಬ್ಬಿನ ಗೆರೆ ಹೆಚ್ಚು, ಆದರೆ ಹೆಸರು ಬೇರೆ. ಆ ಗಡಿ ಎಲ್ಲಿದೆ ಎಂದು ನಾನು ಬೆರಳಿಟ್ಟು ಹುಡುಕಿದೆ. ಒಂದೇ ಮಾಂಸ ಹೇಗೆ ಸದ್ದಿಲ್ಲದೆ ಇನ್ನೊಂದಾಗುತ್ತದೆ! ನೀವೆಸ್‌ಗೆ ಆ ಗಡಿ ಕಣ್ಣು ಮುಚ್ಚಿದರೂ ಗೊತ್ತಿತ್ತು. ಮೂಳೆ ನೇರವಾಗಿಯೇ ಕೊಯ್ದಿದ್ದಳು. ಎತ್ತು ಮಾವನ ಕಾಲದ ಅದೇ ಕೊಟ್ಟಿಗೆಯದು. ಮಾಂಸ ಹದವಾಗಲೆಂದು ತೂಗುಹಾಕಿದ ದಿನಗಳೂ ಅಷ್ಟೇ. ದಪ್ಪವೂ ಮೂರು ಬೆರಳು, ಊರಿನ ಯಾವ ಮಗುವನ್ನು ಕೇಳಿದರೂ ಹೇಳುವ ಅಳತೆ. ತಪ್ಪು ಎಲ್ಲೂ ಇರಲಿಲ್ಲ. ಆದರೂ ತುಂಡು ಬೀಳುತ್ತಿತ್ತು.

ಹಬ್ಬಕ್ಕೆ ಎರಡು ವಾರ ಉಳಿದಿತ್ತು. ಮಧ್ಯಾಹ್ನ ಅಂಗಡಿ ಮುಚ್ಚಿ, ನೀವೆಸ್ ಅಪ್ಪನ ಉಗುರು ಕತ್ತರಿಸುತ್ತಿದ್ದಳು. ಸತ್ತಂತಿದ್ದ ಬಲಗೈ ಅವಳ ಮಡಿಲಲ್ಲಿತ್ತು. ತೋರುಬೆರಳಾಯಿತು, ನಡುಬೆರಳಾಯಿತು, ಉಂಗುರಬೆರಳು ಹಿಡಿದವಳು ಅಲ್ಲೇ ಕತ್ತರಿ ನಿಲ್ಲಿಸಿದಳು. ಆ ಮೂರನ್ನೂ ಒಟ್ಟಿಗೆ ಜೋಡಿಸಿದಳು. ಅದರ ಮೇಲೆ ತನ್ನ ಮೂರು ಬೆರಳಿಟ್ಟಳು.

ಅವಳ ಬೆರಳುಗಳ ಎರಡೂ ಪಕ್ಕಕ್ಕೆ ಅವರ ಬೆರಳು ಹೊರಗೆ ಕಾಣುತ್ತಿತ್ತು.

“ಅಯ್ಯೋ,” ಎಂದಳು ಮೆಲ್ಲಗೆ. ಆಮೇಲೆ ಜೋರಾಗಿ ನಕ್ಕಳು. “ಅಯ್ಯೋ ಅಪ್ಪ, ಯಾರ ಬೆರಳು ಅಂತ ನಾವ್ಯಾರೂ ಕೇಳ್ಲೇ ಇಲ್ವಲ್ಲ!”

ಒಳಗಿನಿಂದ ಬೆನ್ನಿನ ತುಂಡು ಹೊತ್ತು ತಂದು ಹಲಗೆಯ ಮೇಲೆ ಹಾಕಿದಳು. ಅಪ್ಪನ ಕುರ್ಚಿಯನ್ನು ಹಲಗೆಯವರೆಗೆ ಎಳೆದಳು. ಅವರ ಬಲಗೈ ಎತ್ತಿ ಮಾಂಸದ ಮೇಲೆ ಇಟ್ಟು, ಅದರ ಅಂಚಿಗೆ ಕತ್ತಿ ತಂದಳು.

ಮಾವ ತಮ್ಮ ಎಡಗೈಯಿಂದ ಬಲಗೈಯನ್ನು ಹಿಡಿದೆತ್ತಿ ಮಡಿಲಿಗೆ ಹಾಕಿಕೊಂಡರು. ನೀವೆಸ್ ಮುಖ ಬಿಳಿಚಿತು. ಬೇಡ ಎನ್ನುತ್ತಿದ್ದಾರೆ ಎಂದು ನಾನೂ ಎಣಿಸಿದೆ. ಅವರು ಮತ್ತೆ ಎಡಗೈ ಚಾಚಿ ಅವಳ ಕೈ ಹಿಡಿದರು. ಮಾಂಸದ ಮೇಲೆ ತಂದಿಟ್ಟು, ಮೂರು ಬೆರಳನ್ನು ಒತ್ತಿ ಕೂರಿಸಿ, ಮಡಚಿಕೊಂಡಿದ್ದ ಕಿರುಬೆರಳನ್ನು ತಮ್ಮ ಹೆಬ್ಬೆರಳಿಂದ ಬಿಡಿಸಿದರು. ನಾಲ್ಕನೆಯದಾಗಿ ಅದನ್ನೂ ಪಕ್ಕಕ್ಕೆ ಜೋಡಿಸಿದರು. ಆಮೇಲೆ ಕೈ ಬಿಟ್ಟು ಹಿಂದಕ್ಕೆ ಒರಗಿ ಕಣ್ಣು ಮುಚ್ಚಿಕೊಂಡರು.

ನೀವೆಸ್ ಆ ನಾಲ್ಕು ಬೆರಳಿನ ಅಂಚಿಗೆ ಕತ್ತಿ ಇಟ್ಟಳು. ಕತ್ತಿ ಇಳಿಯುವ ಸದ್ದು, ಮೂಳೆಗೆ ಗರಗಸ ತಾಗುವ ಸದ್ದು ಮಾತ್ರ.

ಶನಿವಾರ ದೆಲ್ಮೊ ಬಂದು, “ಕೆನ್ನೆ ಮಾಂಸ ಇದ್ರೆ ಕೊಡು ಮಗಳೇ,” ಎಂದ. ನೀವೆಸ್ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದು ಬಿಸ್ತೆಕ್ಕಾ ಕತ್ತರಿಸಿ, ಅಮೃತಶಿಲೆಯ ಕಟ್ಟೆಯ ಮೇಲೆ ಅವನ ಮೂಗಿನ ಮುಂದೆ ನೆಟ್ಟಗೆ ನಿಲ್ಲಿಸಿ ಕೈ ತೆಗೆದಳು.

ದೆಲ್ಮೊ ಬಗ್ಗಿ ನೋಡಿದ. ಒಂದು ಬೆರಳಿಂದ ಮೆಲ್ಲಗೆ ತಳ್ಳಿದ. ಅದು ಅಲುಗಿತು, ಬೀಳಲಿಲ್ಲ.

“ಸೆತ್ತಿಮಿಯೊ, ನಿನ್ನ ಮೂರು ಬೆರಳು ವಾಪಸ್ ಬಂತಲ್ಲೋ!” ಎಂದ ಕುರ್ಚಿಯ ಕಡೆ ತಿರುಗಿ.

“ಅಪ್ಪನವಲ್ಲ. ನನ್ನ ನಾಲ್ಕು,” ಎಂದಳು ನೀವೆಸ್.

ದೆಲ್ಮೊ ತನ್ನ ಕೈ ನೋಡಿಕೊಂಡ, ಅವಳ ಕೈ ನೋಡಿದ. ಕೆಮ್ಮಿದ.

“ಕೆನ್ನೆ ಬೇಡ ಬಿಡು. ಹಬ್ಬದ ಬಿಸ್ತೆಕ್ಕಾ ಎಲ್ಲಾ ಇಲ್ಲಿಂದಾನೇ. ಎಲ್ಲಾದ್ರಲ್ಲೂ ಫಿಲೆತ್ತೊ ದಪ್ಪ ಇರ್ಬೇಕು, ಆಯ್ತಾ?”

“ಹಂಗಿದ್ರೆ ಎತ್ತಿಗೆ ನಾಲ್ಕು ಸೊಂಟ ಮಾಡ್ಸು, ಆಮೇಲೆ ಬಾ. ಕೋಸ್ತಾತಾ ಯಾರು ತಿಂತಾರೆ ಅದನ್ನ ಈಗ್ಲೇ ಹೇಳು.”

“ಮೇಯರ್‌ಗೆ ಕೊಡು. ಅವನಿಗೆ ವ್ಯತ್ಯಾಸ ಗೊತ್ತಾಗಲ್ಲ.”

ಮೂಲೆಯಿಂದ ಒಂದು ಸದ್ದು ಬಂತು. ಮಾವ ನಗುತ್ತಿದ್ದರು.