ಕೊನೆಯ ಚಿಟಿಕೆ ಕೆಸರು

ಕಡಲ ತಳಕ್ಕೆ ಕೊಳವೆ ಇಳಿಸಿ ತಂದ ಕೆಸರಿನಲ್ಲಿ ಆ ಕಪ್ಪು ಪದರ ಬೆರಳಗಲವೂ ಇರಲಿಲ್ಲ. ಆದರೆ ಪ್ರಯೋಗಾಲಯದಲ್ಲೆಲ್ಲ ಅದರದೇ ಮಾತು. ಸತ್ತ ಜೀವಿಗಳು ಬಿಟ್ಟುಹೋದ ಇಂಗಾಲ ಅದರಲ್ಲಿ ಅಕ್ಕಪಕ್ಕದ ಪದರಗಳ ನಾಲ್ಕರಷ್ಟಿತ್ತು. ಅಂದರೆ ಒಂದು ಕಾಲದಲ್ಲಿ ಅಲ್ಲಿಯ ಕಡಲು ಜೀವದಿಂದ ತುಂಬಿ ತುಳುಕುತ್ತಿತ್ತು. ಮರುದಿನ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಅದನ್ನು ವಿಜ್ಞಾನಿಗಳ ಸಭೆಯ ಮುಂದಿಡುವವರಿದ್ದರು.

ಅಳತೆಗೆ ಮುಂಚೆ ಆ ಪದರವನ್ನು ತೊಳೆದುಕೊಟ್ಟ ಸಹಾಯಕಿಗೆ ಮಾತ್ರ ಮಧ್ಯಾಹ್ನದ ತುತ್ತು ಇಳಿಯಲಿಲ್ಲ.

ಕೆಸರಿನಲ್ಲಿ ಚಿಪ್ಪಿನ ಪುಡಿಯೂ ಇರುತ್ತದೆ. ಚಿಪ್ಪಿನ ಇಂಗಾಲ ಈ ಲೆಕ್ಕಕ್ಕೆ ಸೇರಬಾರದು. ಅದಕ್ಕೇ ಆಸಿಡ್ ಹಾಕಿ, ನೊರೆ ನಿಲ್ಲುವವರೆಗೆ ಕಾದು, ಚಿಪ್ಪನ್ನು ಕರಗಿಸುವುದು. ಅವಳೂ ಕಾದಿದ್ದಳು. ಉಳಿದ ಪದರಗಳನ್ನು ತೊಳೆದದ್ದು ಬೆಚ್ಚಗಿನ ದಿನಗಳಲ್ಲಿ. ಇದನ್ನು ತೊಳೆದ ದಿನ ಹೀಟರ್ ಕೆಟ್ಟಿತ್ತು, ಬೆರಳು ಮರಗಟ್ಟುವ ಚಳಿ. ನೊರೆ ನಿಂತದ್ದು ಚಿಪ್ಪು ಮುಗಿದದ್ದಕ್ಕೋ, ಚಳಿಗೆ ಆಸಿಡ್ ಮಂಕಾದದ್ದಕ್ಕೋ?

ಕೆಸರು ಸುಟ್ಟು ಇಂಗಾಲ ಅಳೆಯುವ ಯಂತ್ರ ನೋಡಿಕೊಳ್ಳುವವನನ್ನು ಎಲ್ಲರೂ ಕುಲುಮೆಯಣ್ಣ ಎನ್ನುತ್ತಿದ್ದರು. ಮೊದಲು ಅವನಿಗೆ ತನ್ನ ಅನುಮಾನ ಹೇಳಿದಳು.

"ಶುರುವಾಯ್ತಾ? ಬೀಗ ಹಾಕಿ ಮೂರು ಸಲ ಎಳೆದು ನೋಡೋಳಲ್ವಾ ನೀನು!"

"ನಗಬೇಡ ಅಣ್ಣ. ಆ ಪದರದ್ದು ಇನ್ನು ಒಂದೇ ಒಂದು ಚಿಟಿಕೆ ಉಳಿದಿದೆ. ಅದೂ ಹಾಳಾದ್ರೆ ಮತ್ತೆ ಕಡಲಿಗೇ ಹೋಗ್ಬೇಕು."

"ಹೋಗೋಣ ಬಿಡು. ಈಜು ಬರುತ್ತಾ?"

ಆಮೇಲೆ ಹೋಗಿ ಹೇಳಿದಾಗ ಮೇಡಂ ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇವತ್ತೇ ಹೇಳಿದ್ಯಲ್ಲ, ಒಳ್ಳೇದಾಯ್ತು. ಉಳಿದ ಚಿಟಿಕೇನ ಮತ್ತೆ ತೊಳೆದು ನೋಡು."

"ನಾನೇನಾ ಮೇಡಂ?"

"ಇನ್ಯಾರು? ನಿನ್ನಷ್ಟು ಹೆದರ್ಕೊಂಡು ಕೆಲಸ ಮಾಡೋರು ಇಲ್ಲಿ ಯಾರಿದ್ದಾರೆ?"

ಅವಳು ಉಳಿದ ಚಿಟಿಕೆ ಕೆಸರಿಗೆ ಆಸಿಡ್ ಹನಿಸಿದಳು. ನೊರೆ ಎದ್ದು, ನಿಂತಿತು. ಬಟ್ಟಲನ್ನು ಬಿಸಿನೀರಿನ ಮೇಲಿಟ್ಟಳು. ತಳದಿಂದ ಮತ್ತೆ ಸಣ್ಣ ಗುಳ್ಳೆಗಳೆದ್ದವು. ಚಿಪ್ಪು ಉಳಿದೇ ಇತ್ತು.

ಕೊನೆಯ ಗುಳ್ಳೆ ಒಡೆಯುವವರೆಗೂ ಅಲ್ಲಾಡದೆ ನಿಂತು, ತೊಳೆದು, ಒಣಗಿಸಿ, ಕುಲುಮೆಯಣ್ಣನ ಕೈಗಿಟ್ಟಳು. ಈ ಸಲ ಅವನೂ ತಮಾಷೆ ಮಾಡಲಿಲ್ಲ.

"ಇಳೀತು," ಎಂದ ಯಂತ್ರದ ಪರದೆ ನೋಡುತ್ತ.

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಅಯ್ಯೋ, ಪೂರ್ತಿ ಕೇಳು ತಂಗಿ! ನಾಲ್ಕರಷ್ಟಿಲ್ಲ, ಎರಡರಷ್ಟಿದೆ. ಆದ್ರೂ ಅಕ್ಕಪಕ್ಕದವುಗಳ ಎರಡರಷ್ಟು!"

ಮೇಡಂ ತಮ್ಮ ನಕ್ಷೆಯಲ್ಲಿ ಆ ಪದರದ ಎತ್ತರದ ಗೆರೆಯನ್ನು ಅರ್ಧಕ್ಕೆ ಇಳಿಸಿದರು. "ಕಡಲು ಆಗ ನಿಜವಾಗ್ಲೂ ತುಂಬ್ಕೊಂಡಿತ್ತು. ನಾಳೆ ಯಾರೇ ಕೆಣಕಲಿ, ಎದೆ ತಟ್ಟಿ ಹೇಳ್ತೀನಿ."

ಅವಳು ಮುಚ್ಚಿಟ್ಟಿದ್ದ ಊಟದ ಡಬ್ಬಿ ತೆರೆದಳು. ಎಲ್ಲ ತಣ್ಣಗಾಗಿದ್ದರೂ ರುಚಿಯಾಗಿತ್ತು. ಅರ್ಧ ತಿಂದು, ಆಸಿಡ್ ಬಾಟಲಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಮತ್ತೆ ನೋಡಲು ಎದ್ದಳು.

"ಮೂರನೇ ಸಲ!" ಎಂದು ಯಂತ್ರದ ಹಿಂದಿನಿಂದ ಕುಲುಮೆಯಣ್ಣ ಕೂಗಿದ.