ಸತ್ತ ರಾಜ ಎದ್ದು ಹಾಡಿದ್ದು

ಅದು ಶುರುವಾದದ್ದು ಭತ್ತದ ಒಕ್ಕಣೆ ಮುಗಿದು ಚಳಿ ಹಿಂದೆಗೆಯುತ್ತಿದ್ದ ದಿನಗಳಲ್ಲಿ, ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ. ತೊಂಬತ್ತನಾಲ್ಕನೇ ಇಸವಿ. ಬೂಕನಕೆರೆಯ ಮಂಚಯ್ಯ ಮೇಷ್ಟ್ರು ಜಗಲಿಯ ಮೇಲೆ ಕೂತು ಹಾರ್ಮೋನಿಯಂ ಪೆಟ್ಟಿಗೆಯ ಧೂಳು ಒರೆಸುತ್ತಿದ್ದರು. ಅವರು ಶಾಲೆಯ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ಸುಗ್ಗಿ ಮುಗಿಯಿತೆಂದರೆ ಪಾಂಡವಪುರದ ಕಡೆಯಿಂದಲೋ ನಾಗಮಂಗಲದ ಕಡೆಯಿಂದಲೋ ಊರಿನವರು ಬಂದು ಕರೆದೊಯ್ಯುವರು. ನೇಗಿಲು ಹಿಡಿದ ಕೈಗೆ ಗದೆ ಕೊಟ್ಟು, ಮಾತು ಹಾಡು ಬಾಯಿಪಾಠ ಮಾಡಿಸಿ, ರಂಗದ ಮುಂದೆ ಪೆಟ್ಟಿಗೆ ಇಟ್ಟುಕೊಂಡು ಬೆಳಗಿನತನಕ ನಾಟಕ ಆಡಿಸುವುದು ಅವರ ಕಸುಬು.

ಮಗಳು ಸಹನ ಕೆ.ಆರ್. ಪೇಟೆಯಲ್ಲಿ ಪಿ.ಯು.ಸಿ. ಓದುತ್ತಿದ್ದಳು. ಒಬ್ಬಳೇ ಮಗಳು. ಮೇಷ್ಟ್ರಿಗೆ ಅಕ್ಷರ ಅಷ್ಟಕ್ಕಷ್ಟೆ; ಹೊಸ ನಾಟಕವೆಂದರೆ ಅವಳು ಓದಬೇಕು, ಅವರು ಕೇಳಿ ಕಲಿಯಬೇಕು. ನಾಟಕದ ದಿನ ಅವಳು ಪಕ್ಕದ ಪರದೆಯ ಮರೆಯಲ್ಲಿ ನಿಂತು, ಮರೆತವರಿಗೆ ಮಾತು ಎತ್ತಿಕೊಡುತ್ತಿದ್ದಳು. ಅವತ್ತು ಅವಳು ಕಂಬಕ್ಕೆ ಒರಗಿ ನಿಂತು ಹೇಳಿದಳು:

"ಅಪ್ಪಾ, ನಾನು ನಾಟ್ಕ ಆಡ್ಸೋದು ಕಲೀಬೇಕು. ಘಟ್ಟದ ಕಡೆ ಒಂದು ನಾಟಕದ ಶಾಲೆ ಅದೆಯಂತೆ. ಅಲ್ಲೇ ಇದ್ಕಂಡು ಕಲೀಬೇಕು."

"ಆಡ್ಸೋದ ಕಲಿಯಕ್ಕೆ ಘಟ್ಟ ಅತ್ತಬೇಕಾ? ಇಷ್ಟ್ ದಿನ ನಾನೇನು ಕತ್ತೆ ಕಾಯ್ತಿದ್ನಾ?"

ಸಹನ ನಕ್ಕಳು. "ನೀನು ಸತ್ತ ರಾಜನ್ನ ಎಬ್ಬಿಸ್ತೀಯ ಕಣಪ್ಪ. ನಂಗೆ ಅವನು ಸತ್ತೇ ಇರ್ಬೇಕು."

ಅವಳು ಹೇಳಿದ್ದು ಸುಳ್ಳಲ್ಲ. ನಮ್ಮ ಸೀಮೆಯ ನಾಟಕದಲ್ಲಿ ಬಾಣ ತಗುಲಿದ ರಾಜ ಹಾಡುತ್ತಾ ಸಾಯುತ್ತಾನೆ. ಹಾಡು ಹಿಡಿಸಿದರೆ ಜನ "ಒನ್ಸ್ ಮೋರ್" ಎಂದು ಕೂಗುತ್ತಾರೆ. ಮೇಷ್ಟ್ರು ಪೆಟ್ಟಿಗೆಯಲ್ಲಿ ಶ್ರುತಿ ಕೊಡುತ್ತಾರೆ. ಸತ್ತವನು ಎದ್ದು, ಪೀತಾಂಬರ ಕೊಡವಿಕೊಂಡು, ಮತ್ತೆ ಹಾಡಿ ಮತ್ತೆ ಸಾಯುತ್ತಾನೆ. ಅದು ಪಾತ್ರಧಾರಿಗೂ ಮರ್ಯಾದೆ, ಹಾರ ಹಾಕುವ ನೆಂಟರಿಗೂ ಮರ್ಯಾದೆ.

"ಮೈಸೂರ್ ಕಾಲೇಜಲ್ಲೂ ನಾಟಕ ಒಂದು ಸಬ್ಜೆಕ್ಟು ಅಂತಲ್ಲ ಮಗ," ಎಂದರು ಮೇಷ್ಟ್ರು. "ಶ್ರೀರಂಗಪಟ್ಣದಲ್ಲಿ ನಿಮ್ಮ ಸೋದರತ್ತೆ ಚಲುವಮ್ಮ ಅವ್ಳೆ. ಅಲ್ಲಿಂದ ರೈಲಲ್ಲಿ ಓಡಾಡು. ಶನಿವಾರ ಶನಿವಾರ ಮನೆಗೆ ಬಂದ್ಬುಡು."

"ಅಲ್ಲಿ ನಾಟಕದ ಬಗ್ಗೆ ಓದುಸ್ತಾರೆ. ಘಟ್ಟದ ಶಾಲೇಲಿ ನಾಟಕಾನೇ ಮಾಡುಸ್ತಾರೆ."

ಮೇಷ್ಟ್ರು ಧೂಳಿನ ಬಟ್ಟೆ ಕೊಡವಿ ಪಕ್ಕಕ್ಕಿಟ್ಟರು. "ಸರಿ, ಊರ ನಾಟಕದಲ್ಲಿ ರಾಜ ಸಾಯೋ ಸೀನು ನೀನೇ ಆಡ್ಸು. ಜನ ಒಪ್ಪುದ್ರೆ ಘಟ್ಟದ ಬಸ್ಸು ನಾನೇ ಅತ್ತಿಸ್ತೀನಿ. ಒಪ್ನಿಲ್ಲ ಅಂದ್ರೆ ಮೈಸೂರು."

"ಮಾತು ಅಂದ್ರೆ ಮಾತು," ಎಂದಳು ಸಹನ.

ರಾಜನ ಪಾತ್ರ ಟ್ರಾಕ್ಟರು ಸಿದ್ದರಾಮುವಿನದು. ಕಲಿಕೆಗೆ ಕೂತ ಮೊದಲ ದಿನವೇ ಅವನು ತಕರಾರು ತೆಗೆದ. "ಅಲ್ಲ ಕಣವ್ವ, ನಮ್ಮ ಭಾಮೈದ ಆಳೆತ್ತರದ ಆರ ತತ್ತಾವ್ನೆ. ಒನ್ಸ್ ಮೋರ್ ಅಂದ್ರೂ ಸತ್ತ ಎಣ್ದಂಗೆ ಬಿದ್ದಿರು ಅಂತೀಯಲ್ಲ!"

"ಎಣಕ್ಕೆ ಒನ್ಸ್ ಮೋರ್ ಕೇಳುಸ್ತದಾ ಮಾಮ?"

ಎಲ್ಲರೂ ನಕ್ಕರು, ಸಿದ್ದರಾಮುವೂ ನಕ್ಕ. ಬರಬರುತ್ತಾ ಅವನಿಗೂ ಅದು ಹಿಡಿಸಿತು. ತಾಯಿ ಪಾತ್ರಕ್ಕೆ ಮಂಡ್ಯದಿಂದ ಗೊತ್ತು ಮಾಡಿದ ಹೆಂಗಸಿಗೆ ಸಹನ ಹೇಳಿದಳು, "ಅಳಬ್ಯಾಡಿ ಅಕ್ಕ. ಮಗನ ತಲೆ ತೊಡೆ ಮ್ಯಾಲೆ ಇಟ್ಕಂಡು, ಅವನ ಮೊಕದ ಬಣ್ಣವ ಸೆರಗಲ್ಲಿ ಒರ್ಸಿ. ಅಷ್ಟೇಯ." ಬಣ್ಣ ಹಚ್ಚಿ ಆಡಿ ನೋಡಿದ ದಿನ ಆಕೆ ಹಾಗೆ ಒರೆಸಿದಾಗ ಬಣ್ಣದಡಿಯಿಂದ ಬರಿಯ ಸಿದ್ದರಾಮು ಕಾಣಿಸಿಕೊಂಡ, ಯಾರದೋ ಮನೆಯ ಮಗ. ಮಗಳು ತಾನು ಕಾಣದ್ದನ್ನು ಕಂಡಿದ್ದಾಳೆ ಎಂದು ಮೇಷ್ಟ್ರಿಗೆ ಆಗಲೇ ಗೊತ್ತಾಯಿತು. ಅವಳಿಗೆ ಮಾತ್ರ ಹೇಳಲಿಲ್ಲ.

ನಾಟಕದ ದಿನ ರಾಜ ಸಾಯುವ ಹೊತ್ತಿಗೆ ಮೂಡಲು ಬೆಳ್ಳಗಾಗುತ್ತಿತ್ತು. ಸಿದ್ದರಾಮು ಹಾಡಿ ಬಿದ್ದ. ತಾಯಿ ಅವನ ಮುಖ ಒರೆಸತೊಡಗಿದಳು. ಬೀಡಿ ಸೇದುತ್ತಿದ್ದವರು ಬೀಡಿ ಮರೆತರು. ಮುಂದೆ ಚಾಪೆಯ ಮೇಲಿದ್ದ ಮುದುಕಿಯೊಬ್ಬಳು ಬಾಯಿಗೆ ಸೆರಗು ಹಿಡಿದಳು. ಆಗ ಹಿಂದಿನಿಂದ ಭಾಮೈದ ಹಾರ ಎತ್ತಿ ಹಿಡಿದು ಕೂಗಿದ: "ಒನ್ಸ್ ಮೋರ್!"

ಒಂದೆರಡು ಸಿಳ್ಳೆ ಬಿದ್ದವು. "ಕೂತ್ಕಳ್ಲಾ ಸುಮ್ಕೆ!" ಎಂದು ಯಾರೋ ಗದರಿದರು. ಸಿದ್ದರಾಮು ಬಿದ್ದಲ್ಲಿಂದಲೇ ಅರೆಗಣ್ಣಲ್ಲಿ ಮೇಷ್ಟ್ರನ್ನು ನೋಡಿದ. ಪರದೆಯ ಮರೆಯಲ್ಲಿ ಸಹನ ಎರಡೂ ಕೈ ಜೋಡಿಸಿ, ಬೇಡ ಬೇಡ ಎಂದು ಅಪ್ಪನಿಗೆ ತಲೆಯಾಡಿಸಿದಳು.

ಇನ್ನೊಂದು ಗಳಿಗೆ ಸುಮ್ಮನಿದ್ದರೆ ಗದ್ದಲ ತಾನಾಗಿಯೇ ಅಡಗುತ್ತಿತ್ತು. ಅಷ್ಟು ಊರುಗಳ ಜನರನ್ನು ಕಂಡ ಮೇಷ್ಟ್ರಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಅವರ ಕಣ್ಣಿಗೆ ಬಂದದ್ದು ಮುಂದಿನ ವರ್ಷದ ಆ ಪರದೆ, ಅದರ ಮರೆಯಲ್ಲಿ ಯಾರೂ ಇಲ್ಲದ್ದು. ಅವರು ಬೆರಳನ್ನು ಪೆಟ್ಟಿಗೆಯ ಸ್ವರದ ಮನೆಯ ಮೇಲೆ ಒತ್ತಿದರು.

ಶ್ರುತಿ ಎದ್ದಿತು. ಸಿದ್ದರಾಮುವೂ ಎದ್ದ, ಬಣ್ಣ ಅಳಿಸಿದ ಮುಖದಲ್ಲೇ. ಜನ ನಗುತ್ತಾ ಚಪ್ಪಾಳೆ ಹೊಡೆದರು. ಹಾರ ಬಿತ್ತು. ಅವನು ಮತ್ತೆ ಹಾಡಿ ಮತ್ತೆ ಸತ್ತ.

ಸೀನರಿಯವರು ಪರದೆ ಸುತ್ತುತ್ತಿದ್ದಾಗ ಸಹನ ಬಂದು ಅಪ್ಪನೆದುರು ನಿಂತಳು. ಅವಳು ನೋಡಿದ್ದು ಅವರ ಮುಖವನ್ನಲ್ಲ, ಕೈಯನ್ನು. "ಮೈಸೂರೇ ಆಗ್ಲಿ ಬುಡಪ್ಪ," ಎಂದಳು.

ಮೇಷ್ಟ್ರಿಗೆ ಆಮೇಲೆ ಅನ್ನ ಸೇರಲಿಲ್ಲ. ಹೆಂಡತಿ ಪಾರ್ವತಮ್ಮನ ಹತ್ತಿರ ಜನರನ್ನು ಬೈಯಲು ಹೋದರೆ ಆಕೆ ತಟ್ಟೆ ಎತ್ತುತ್ತಾ ಅಂದಳು: "ಪೆಟ್ಟಿಗೇನೂ ನಿಮ್ದು, ಒತ್ತಿದ ಬೆಳ್ಳೂ ನಿಮ್ದು. ತಪ್ಪ ಯಾರ ಮೇಲೆ ಆಕ್ತೀರಿ?"

ಪರೀಕ್ಷೆಯ ಫಲಿತಾಂಶ ಬಂದ ದಿನ ಅವರು ಮಗಳನ್ನು ಕೂರಿಸಿಕೊಂಡರು. "ಮಗ, ಘಟ್ಟದ ಕಡೆಗೇ ಓಗು. ನಾನೇ ಕರ್ಕಂಡೋಯ್ತೀನಿ."

"ಮಾತು ಅಂದ್ರೆ ಮಾತಲ್ವಾ ಅಪ್ಪ? ಮೈಸೂರ್ಗೇ ಓಯ್ತೀನಿ. ಕಾಮರ್ಸು ತಗತೀನಿ."

"ನಾಟಕ?"

"ಬ್ಯಾಡ." ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಮೇಷ್ಟ್ರು ಗೋಗರೆದಾದರೂ ಒಪ್ಪಿಸುತ್ತಿದ್ದರು.

ಸಹನ ಸೋದರತ್ತೆಯ ಮನೆಗೆ ಹೊರಟ ದಿನ ತುಂತುರು ಹನಿಯುತ್ತಿತ್ತು. ಟ್ರಂಕನ್ನು ಮೇಷ್ಟ್ರೇ ಹೊತ್ತು ಬಸ್ಸಿನ ಮೇಲೆ ಹಾಕಿಸಿದರು. ಮುಂದಿನ ಸುಗ್ಗಿಗೆಂದು ತಂದ ನಾಟಕದ ಪುಸ್ತಕ ಜಗಲಿಯಲ್ಲಿ ಪೆಟ್ಟಿಗೆಯ ಮೇಲೆ ಹಾಗೆಯೇ ಇತ್ತು. ಓದಿ ಹೇಳುವವಳು ಬಸ್ಸಿನ ಕಿಟಕಿಯ ಪಕ್ಕ ಕೂತು ಕಂಬಿ ಹಿಡಿದುಕೊಂಡಿದ್ದಳು.

"ಶನಿವಾರ ಬತ್ತೀಯ ಮಗ?"

"ನೋಡ್ತೀನಪ್ಪ."

ಸಹನ ಹೋದಳು. ಅವತ್ತು ಇನ್ನೂ ಸೋಮವಾರ.