ಕೊಹಿನೂರಿನ ಬೋರಿನಲ್ಲಿ ಸಿಕ್ಕ ಪೈಪು

೧
ಎಲ್ಲಿಂದ ಶುರುಮಾಡಲಿ? ನೆಲದ ಮೇಲಿನಿಂದಲೋ, ನೂರಡಿ ಕೆಳಗಿನಿಂದಲೋ? ಕೆಳಗಿನಿಂದ ಬರೆದ ಮೊದಲ ಡ್ರಾಫ್ಟಿನಲ್ಲಿ ಬರೀ ಕತ್ತಲೆಯಿತ್ತು, ಹರಿದುಹಾಕಿದೆ.

೧೯೮೨ರ ಬೇಸಿಗೆ. ಬಸವಕಲ್ಯಾಣ ತಾಲೂಕಿನ ಕೊಹಿನೂರಿನಲ್ಲಿ ಕೈಪಂಪು ಕೆಟ್ಟಿತ್ತು. ರಿಪೇರಿಗೆಂದು ಎಳೆದರೆ ಒಳಗಿನ ಕಬ್ಬಿಣದ ಪೈಪು ಮೇಲೆ ಬರಲಿಲ್ಲ. ಬೋರಿನೊಳಗೆ ಕಲ್ಲು ಕುಸಿದು ಅದರ ತುದಿಯನ್ನು ಕಚ್ಚಿ ಹಿಡಿದಿತ್ತು. ನೋಡಲು ಬಂದವರೆಲ್ಲ ಬೋರು ಮುಚ್ಚಿಬಿಡಿ ಎಂದರು. ಪಂಪಿನೆದುರಿನ ಮನೆಯಲ್ಲಿ ಕುಪ್ಪಸ ಹೊಲಿಯುತ್ತಿದ್ದ ಯಶೋದಾಬಾಯಿ ಒಪ್ಪಲಿಲ್ಲ. ಹುಮನಾಬಾದಿಗೆ ಹೋಗಿ ಲೇಥ್ ಅಂಗಡಿಯ ಲಾಲ್ ಅಹ್ಮದನನ್ನು ಕರೆತಂದಳು.

೨
(ಇಲ್ಲಿ ಅವನ ಬಾಲ್ಯದ ಬಗ್ಗೆ ಒಂದು ಪುಟವಿತ್ತು. "ಅದ್ಯಾಕ್ರಿ? ಕೆಲಸದ ಬಗ್ಗಿ ಬರೀರಿ" ಎಂದ. ತೆಗೆದೆ.)

ಸಿಕ್ಕಿದ ಜಾಗಕ್ಕಿಂತ ತುಸು ಮೇಲೆ ಪೈಪನ್ನು ಒಳಗಿನಿಂದಲೇ ಕತ್ತರಿಸುವುದು ಅವನ ಉಪಾಯ. ಬೋರಿನ ನೀರು ಆ ಜಾಗಕ್ಕಿಂತ ಮೇಲೆಯೇ ಇತ್ತು, ಹಾಗಾಗಿ ಗಿಡ್ಡ ಪೈಪೂ ಸಾಕು. ರಾಡಿನ ತುದಿಗೆ ಬ್ಲೇಡು ಕೂರಿಸಿ, ಪೈಪಿನೊಳಗೆ ಇಳಿಬಿಟ್ಟು, ಮೇಲಿಂದ ತಿರುಗಿಸಿದ. ಅರ್ಧ ತಾಸಿಗೆ ಬ್ಲೇಡು ಸಿಕ್ಕಿಕೊಂಡು ಮುರಿಯಿತು. ಉಳಿದದ್ದು ಇನ್ನೊಂದೇ.

"ಧಾರ ಛಲೋ ಅದ, ತುಕ್ಕೂ ಕೆರದೀನಿ. ಮತ್ಯಾಕ ಹಿಡ್ಯಾಕತ್ತದ?" ಎಂದು ತಲೆ ಹಿಡಿದು ಕೂತ.

ಯಶೋದಾಬಾಯಿ ಪೈಪಿನ ಮೇಲೆ ಕೈಯಿಟ್ಟು ನೋಡಿದಳು. "ಭಾಯಿ, ಇದರ ಭಾರ ಎಲ್ಲಾ ಕೊಯ್ಯೋ ಜಾಗದ ಮ್ಯಾಲೇ ಕುಂತದ. ಅರಿವಿ ಸಡ್ಲ ಇದ್ರ ಕತ್ರಿ ನಡೀತದೇನ್ರಿ? ಎಳದು ಹಿಡೀರಿ."

ಲಾಲ್ ಅಹ್ಮದ್ ಎದ್ದು ನಿಂತ. "ಸಹೀ ಅಂದ್ರಿ ಬಾಯಿ!"

೩
ಎರಡನೆಯ ಬ್ಲೇಡೂ ಮುರಿಯುವ ಒಂದು ಅಂತ್ಯ ಬರೆದಿದ್ದೆ. (ದುಃಖಾಂತಕ್ಕೆ ಮರ್ಯಾದೆ ಜಾಸ್ತಿ.) ಯಶೋದಾಬಾಯಿ ರೇಗಿದಳು: "ನಿಮ್ಮ ಕಥಿ ಓದಿ ಮಂದಿ ಅಳಲಿ ಅಂತ ನಾವು ನೀರಿಲ್ದೇ ಇರಬೇಕೇನ್ರಿ?"

ಆದದ್ದು ಇಷ್ಟು: ಮೂರು ಕಂಬ ನಿಲ್ಲಿಸಿ, ಚೈನು ಬಿಗಿದು, ಪೈಪನ್ನು ಮೇಲಕ್ಕೆಳೆದು ಹಿಡಿದರು. ಲಾಲ್ ಅಹ್ಮದ್ ಈ ಸಲ ನಿಧಾನಕ್ಕೆ ತಿರುಗಿಸಿದ. ಕಾಣದ ಬ್ಲೇಡು ಕೊಯ್ಯುವುದನ್ನು ಅಂಗೈಯಲ್ಲೇ ಕೇಳುತ್ತಿದ್ದ. ಊರವರು ಚೈನು ಸಡಿಲ ಬಿಡಲಿಲ್ಲ. ಒಮ್ಮೆಲೇ ಪೈಪು ನಾಲ್ಕು ಬೆರಳು ಮೇಲಕ್ಕೆ ಜಿಗಿಯಿತು. "ಆತು!" ಎಂದ, ನಗುತ್ತಲೇ ಕಣ್ಣೊರೆಸಿಕೊಂಡ.

ಸಂಜೆಗೆ ಪಂಪು ಕೂರಿಸಿದರು. ಮೊದಲು ಕೆಂಪು ನೀರು, ಆಮೇಲೆ ತಿಳಿ. ಯಶೋದಾಬಾಯಿ ಮೊದಲ ಚೊಂಬು ಅವನಿಗೇ ಕೊಟ್ಟಳು.

೪
ಪಂಪು ಎಷ್ಟು ವರ್ಷ ನಡೆಯಿತು? ನನ್ನನ್ನು ಕೇಳಬೇಡಿ. ಇಲ್ಲಿಗೇ ಮುಗಿಸೋಣವೆಂದರೆ ಮುಡಬಿಯಿಂದ ಒಬ್ಬ ಬಂಡಿ ಹೊಡೆದುಕೊಂಡು ಬಂದ. "ನಮ್ಮೂರಾಗೂ ಪೈಪ್ ಸಿಕ್ಕದ್ರಿ."

ಲಾಲ್ ಅಹ್ಮದ್ ತಿರುಗಿದ. "ಬಾಯಿ, ನೀವೂ ಬರ್ತೀರೇನು?"

ಅವಳು ಆಗಲೇ ಮನೆಗೆ ಬೀಗ ಹಾಕುತ್ತಿದ್ದಳು. ಪೂರ್ಣವಿರಾಮವನ್ನು ಜೇಬಿಗಿಳಿಸಿ ನಾನೂ ಬಂಡಿ ಹತ್ತಿದೆ